ಚಕ್ರ ತಿರುಗುವಷ್ಟು ಹೊತ್ತು

ಟಿವಿ ಪರದೆಯ ಮೇಲೆ ಆ ಬಿಳಿ ಚಕ್ರ ತಿರುಗತೊಡಗಿದರೆ ಸಾಕು, ಅವನ ಪಿತ್ತ ನೆತ್ತಿಗೇರುತ್ತಿತ್ತು. 'ಎಲ್ಲ ಇದರೊಳಗೇ ಇದೆ ಸಾರ್' ಎಂದು ಅಂಗಡಿಯವನು ತಲೆಗೆ ಕಟ್ಟಿದ್ದ ಸ್ಮಾರ್ಟ್ ಟಿವಿ ಅದು. ಆರು ವರ್ಷವಾಗಿತ್ತು. ಕಂಪನಿಯವರು ಹೊಸ ಸಾಫ್ಟ್‌ವೇರ್ ಕಳಿಸುವುದನ್ನೂ ನಿಲ್ಲಿಸಿದ್ದರು. ಈಗ ಒಂದು ಸಿನಿಮಾ ಶುರುವಾಗಬೇಕಾದರೆ ಐದು ನಿಮಿಷ ಕಾಯಬೇಕು.

"ದರಿದ್ರದ್ದು," ಎಂದು ರಿಮೋಟನ್ನು ಸೋಫಾದ ಮೇಲೆಸೆದು, ಬೇರೇನೂ ತೋಚದೆ ಹೆಂಡತಿಯ ಕಡೆ ತಿರುಗುತ್ತಿದ್ದ. "ಮಂಡಿನೋವು ಹೇಗಿದೆ? ನಿಮ್ಮಕ್ಕ ಫೋನ್ ಮಾಡಿದ್ರಾ?"

ಕೊನೆಗೊಂದು ದಿನ, ಸಿನಿಮಾ ಬೇಗ ಶುರುವಾಗಲೆಂದು ಟಿವಿಯ ಹಿಂದೆ ಸಿಕ್ಕಿಸುವ ಬೆರಳುದ್ದದ ಸ್ಟಿಕ್ ತಂದ.

"ಟಿವಿಯಲ್ಲೇ ಎಲ್ಲ ಇದೆಯಲ್ಲ, ಇದ್ಯಾಕೆ?" ಎಂದಳು ಅವಳು.

"ಆ ಆಮೆ ಜೊತೆ ಇನ್ನು ನನ್ನ ಕೈಲಿ ಏಗೋಕಾಗಲ್ಲ."

ಸ್ಟಿಕ್ ಸಿಕ್ಕಿಸಿದ್ದೇ ತಡ, ಸಿನಿಮಾ ಶುರುವಾಯಿತು. ಒಂದು ವಾರ ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

ಎಂಟನೆಯ ದಿನ ಸ್ಟಿಕ್ ಮಾಯವಾಗಿತ್ತು. ಸೋಫಾದ ಕೆಳಗೆ, ಬೀರುವಿನ ಹಿಂದೆ, ಮನೆಯೆಲ್ಲ ಜಾಲಾಡಿದ. ಅಡುಗೆಮನೆಯನ್ನೂ ಬಿಡಲಿಲ್ಲ. ಮೆಂತ್ಯದ ಡಬ್ಬಿಯೊಳಗೆ ಸಿಕ್ಕಿತು.

"ಇದನ್ನ ಇಲ್ಲಿ ಬಚ್ಚಿಟ್ಟಿದ್ದು ನೀನಾ?"

"ಹೂಂ."

"ತಲೆ ಕೆಟ್ಟಿದೆಯಾ ನಿನಗೆ? ಮತ್ತೆ ಆ ಚಕ್ರ ತಿರುಗೋದನ್ನ ನೋಡ್ತಾ ಕೂತ್ಕೋಬೇಕಾ ನಾನು?"

ಅವಳು ಅವನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಹಾಕಿದಳು.

"ಅದು ತಿರುಗುವಾಗ ಮಾತ್ರ ತಾನೆ, ನೀವು ನನ್ನ ಮಂಡಿನೋವು ಕೇಳ್ತಿದ್ದದ್ದು."