ಎಡೆಯ ಪೆಟ್ಟಿಗೆ

"ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಅಜ್ಜಿ," ಎಂದ ಅಮೆರಿಕದ ಸೇನಾನೆಲೆಯ ಗೇಟು ಕಾಯುವವನು. ಅವನೂ ಓಕಿನಾವದವನೇ. ನಾಬೆಯ ಕೈಯಲ್ಲಿ ಹಂದಿಮಾಂಸದ ಪೆಟ್ಟಿಗೆ ಇನ್ನೂ ಬಿಸಿಯಾಗಿತ್ತು. ಸತ್ತವರ ಬೂದಿ ಇಡುವ, ಗಂಡನ ಮನೆತನದ ಸಮಾಧಿ ನೆಲೆಯ ಬೇಲಿಯೊಳಗೆ ಸೇರಿಹೋಗಿತ್ತು; ವರ್ಷಕ್ಕೊಮ್ಮೆ, ಹಿರಿಯರ ಹಬ್ಬದ ದಿನ ಮಾತ್ರ ಎಡೆ ಇಡಲು ಒಳಗೆ ಬಿಡುತ್ತಿದ್ದರು.

ನಾಬೆ ನಕ್ಕಳು. ಹನ್ನೆರಡು ವರ್ಷದಿಂದ ಇದೇ ಗೇಟಿನೆದುರು 'ನೆಲೆ ಬೇಡ' ಎಂಬ ಫಲಕ ಹಿಡಿದು ಕೂತವಳು. "ಎಂಬತ್ತರ ಮುದುಕಿಗೂ ಹೆದರ್ತಾರಲ್ಲಪ್ಪ, ನಿನ್ನ ಧಣಿಗಳು."

"ನಿಮ್ಮ ಹೆಸರು ಹೊಡೆದುಹಾಕಿದ್ದು ಅವರಲ್ಲ ಅಜ್ಜಿ. ಪಟ್ಟಿ ನಿಮ್ಮ ಮನೆಯಿಂದಲೇ ಹೀಗೆ ಬಂದಿದೆ."

ಪಟ್ಟಿ ಬರೆದವನು, ಹಿಂದೆ ಮನೆಯವರ ಜೊತೆ ನಿಂತಿದ್ದ ಮೈದುನ ಚೋಶು. ನಾಬೆ ತಿರುಗಿ ನೋಡಿದಾಗ ಅವನು ಮುಖ ತಪ್ಪಿಸಲಿಲ್ಲ. "ನಿಮ್ಮ ಹೆಸರಿತ್ತು ಅಂತ ಹೋದ ವರ್ಷ ಎಲ್ಲರನ್ನೂ ವಾಪಸ್ ಕಳಿಸಿದ್ರು ಅತ್ತಿಗೆ. ಅಣ್ಣನಿಗೆ ಈ ಸಲವೂ ಎಡೆ ತಪ್ಪಿಸೋದಾ?" ಎನ್ನುತ್ತ ಪೆಟ್ಟಿಗೆಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಧರಣಿಯಲ್ಲಿ ಪೊಲೀಸರು ಬಿಡಿಸುತ್ತಿದ್ದ ಹಾಗೆಯೇ ಅವನೂ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಬೇಜಾರು ಮಾಡ್ಕೋಬೇಡಿ," ಎಂದ, ಗೇಟು ದಾಟುತ್ತ. "ಒಂದಿನ ನೀವೂ ಒಳಗೇ ಬರ್ತೀರಿ. ಬೂದಿಗೆ ಯಾರೂ ಪಾಸ್ ಕೇಳಲ್ಲ."