ಕಿಟಕಿ ಬದಿಯ ಜಾಗ

"ಅಕ್ಕಾ, ಅಲ್ಲಿ ಕೂರ್ಬೇಡಿ!"

ಮೂರನೇ ಬೆಂಚಿನ ಕಿಟಕಿ ಬದಿಗೆ ಇನ್ನೇನು ಕೂರಲಿದ್ದ ಸಂಶೋಧಕಿ ಕೆಂಡ ಮುಟ್ಟಿದವಳಂತೆ ನೆಟ್ಟಗಾದಳು. ಮಕ್ಕಳ ಕಲಿಕೆ ಮತ್ತು ಪರಿಸರದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಅವಳು 'ನಿನ್ನ ಜಾಗದ ಬಗ್ಗೆ ಬರೆ' ಎಂದು ತರಗತಿಗೆಲ್ಲ ಹಾಳೆ ಹಂಚಿದ್ದಳು. ಉಳಿದವರು ಕೆರೆ, ಗುಡ್ಡ ಎಂದು ಪುಟ ತುಂಬಿಸಿದ್ದರು. ಊರಿಗೇ ಒಂದು ದಾರಿಯಾದರೆ ಪೋರಿಗೇ ಒಂದು ದಾರಿ ಎಂಬಂತೆ ಈಗ ಕೂಗಿದ ಈ ಎರಡು ಜಡೆಯವಳು ಮಾತ್ರ, 'ಮೂರನೇ ಬೆಂಚು, ಕಿಟಕಿಯಿಂದ ಎರಡನೆಯದು' ಎಂದಷ್ಟೇ ಬರೆದಿದ್ದಳು. ಪ್ರಶ್ನೆಯೇ ಅರ್ಥವಾಗಿಲ್ಲವೆಂದು ಸಂಶೋಧಕಿ ಆ ಹಾಳೆಯನ್ನು ಪಕ್ಕಕ್ಕಿಟ್ಟಿದ್ದಳು.

"ಅದು ನನ್ನ ಗೆಳತಿ ಜಾಗ. ಅವರಪ್ಪಂಗೆ ವರ್ಗ ಆಯ್ತು, ಹೋಗಿದಾಳೆ." ಹುಡುಗಿ ಖಾಲಿ ಜಾಗದ ಧೂಳನ್ನು ಲಂಗದ ಅಂಚಿನಿಂದ ಒರೆಸಿದಳು. "ಎದುರಿನ ಮಾಡಿನ ಸಂದೀಲಿ ಗುಬ್ಬಿ ಮೊಟ್ಟೆ ಇಟ್ಟಿದೆ. ಇಲ್ಲಿ ಕೂತ್ರೆ ಮಾತ್ರ ಕಾಣೋದು."

ಸಂಶೋಧಕಿ ನಿಂತಲ್ಲಿಂದಲೇ ಬಗ್ಗಿ ನೋಡಿದಳು. ಗೂಡು ಬರಿದಾಗಿತ್ತು, ಮರಿಗಳು ಹಾರಿಹೋಗಿ ಎಷ್ಟು ದಿನವಾಗಿತ್ತೋ.

"ನೀನೇ ಒಂಚೂರು ಈ ಕಡೆ ಸರಿದು ನೋಡ್ಬಾರ್ದಾ, ಪುಟ್ಟಿ?"

ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ ಎಂಬಂತೆ ಹುಡುಗಿ ಅವಳತ್ತ ನೋಡಿದಳು.

"ನೋಡೋ ಕೆಲ್ಸ ಅವಳ್ದು. ಬಂದು ನಂಗೆ ಹೇಳ್ತಾಳೆ."