ಮಂಚದ ಕೆಳಗಿನ ಜಾಗ

ಮುಂದೆ ಶ್ರೀರಾಮ, ಹಿಂದೆ ಸಿಂಚನಾ, ಇಬ್ಬರ ಸ್ಕೂಲ್ ಬ್ಯಾಗು, ಹ್ಯಾಂಡಲ್ಲಿಗೆ ಹಾಲು ಸೊಪ್ಪಿನ ಕವರು. ಇಷ್ಟನ್ನೂ ಹೊತ್ತುಕೊಂಡು ಹಾವನೂರು ಸರ್ಕಲ್ಲಿನ ಟ್ರಾಫಿಕ್ ದಾಟಿ ಮನೆ ಮುಂದೆ ರಾಗಿಣಿ ಸ್ಕೂಟರ್ ನಿಲ್ಲಿಸಿದಾಗ ಮೆಟ್ಟಿಲ ಮೇಲೆ ಭೈರೇಶ್ ಕುಳಿತಿದ್ದರು. ಕೈಯಲ್ಲಿ ನಾಯಿಯ ಬೆಲ್ಟು ಇತ್ತು.

"ಅಂಕಲ್ ಯಾಕೆ ಬಂದಿದಾರೆ?" ಸಿಂಚನಾ ಕೇಳಿದಳು.

"ಮೊದ್ಲು ಇಳಿ," ಎಂದಳು ರಾಗಿಣಿ.

ಬೆಲ್ಟು ಕಂಡದ್ದೇ ಮಕ್ಕಳು ಕೀಲಿಯನ್ನೂ ಕವರನ್ನೂ ಕಸಿದುಕೊಂಡು ಮೇಲಿನ ಪೋರ್ಷನ್ನಿಗೆ ಓಡಿದರು. ಕೆಂಗೇರಿಯಲ್ಲಿ ದಿಕ್ಕಿಲ್ಲದ ನಾಯಿಗಳನ್ನು ಸಾಕಿ, ಅವಕ್ಕೊಂದು ಮನೆ ಹುಡುಕಿಕೊಡುವವರು ಭೈರೇಶ್. ಅವರಿಂದ ಈ ನಾಯಿಯನ್ನು ತಂದದ್ದು ರಾಗಿಣಿಯ ಗಂಡ ಮುರಳೀಕೃಷ್ಣ. ಮಕ್ಕಳಿಗೆ ಮಾತು ಕೊಟ್ಟ, ನಾಯಿ ತಂದ, ಮರುವಾರವೇ ಕಂಪನಿ ಕೆಲಸವೆಂದು ಹೊಸಪೇಟೆಗೆ ಹೊರಟ. ಮಾತು ಅವನದು, ನಾಯಿ ಇವಳದು. ಸುರುಳಿ ಬಾಲದ ಚೆಂದ ನೋಡಿ ಮಕ್ಕಳು ಅದಕ್ಕೆ ಕೋಡುಬಳೆ ಎಂದು ಹೆಸರಿಟ್ಟಿದ್ದರು. ಆ ಬಾಲವೋ, ಮನೆಯ ಹೊಸ್ತಿಲು ದಾಟಿದ್ದೇ ಕಾಲಸಂದಿಗೆ ಸೇರಿಕೊಂಡಿತು. ಮಂಚದ ಕೆಳಗೆ ಹೊಕ್ಕ ನಾಯಿ, ಎಲ್ಲರೂ ಮಲಗಿದ ಮೇಲೆ ಮಾತ್ರ ಕಳ್ಳನಂತೆ ಬಂದು ಅನ್ನ ತಿಂದು ಹೋಗುತ್ತಿತ್ತು. ಇವತ್ತು ಮಧ್ಯಾಹ್ನ ರಾಗಿಣಿಯೇ ಫೋನ್ ಮಾಡಿ, ಅದು ಮಕ್ಕಳಿಗೆ ಹೊಂದಿಕೊಳ್ಳುತ್ತಿಲ್ಲ, ಕರೆದುಕೊಂಡು ಹೋಗಿಬಿಡಿ ಎಂದಿದ್ದಳು.

"ನಾನು ಹೇಳಿದ ಹಾಗೆ ಮಾಡಿದ್ರಾ ಮೇಡಂ? ಅದನ್ನ ನೋಡಬಾರ್ದು, ಕೈ ಚಾಚಬಾರ್ದು. ಬೆನ್ನು ತಿರುಗಿಸಿ ಸುಮ್ನೆ ಕೂತಿರ್ಬೇಕು. ಅದಾಗೇ ಬರ್ಬೇಕು."

"ದಿನಾ ಕೂರಿಸ್ತೀನಿ ಸಾರ್. ಒಬ್ಬ ತಿರುಗಿ ನೋಡ್ತಾನೆ, ಇನ್ನೊಬ್ಳು ಹಾಡು ಹೇಳ್ತಾಳೆ. ಬೈದೂ ಬೈದೂ ನನ್ನ ಗಂಟ್ಲು ಬಿದ್ದೋಯ್ತು."

"ಬೈತೀರಾ?"

"ಬೈದೆ ಇದ್ರೆ ಕೂರ್ತಾರಾ?"

ಭೈರೇಶ್ ಬೆಲ್ಟು ಹಿಡಿದು ಎದ್ದರು. ರಾಗಿಣಿಯ ಗಂಟಲು ನಿಜಕ್ಕೂ ಸೋತಿತ್ತು. ಅವಳಿಗೆ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ. ದವಡೆ ಹಿಡಿದುಕೊಂಡು ಬಂದವರಿಗೆಲ್ಲ ಬೆಳಗಿನಿಂದ "ಕೂತ್ಕೊಳಿ, ಏನೂ ನೋವಾಗಲ್ಲ" ಎಂದು ನಗುನಗುತ್ತಾ ಹೇಳಬೇಕು. ಮನೆ ಮುಟ್ಟುವ ಹೊತ್ತಿಗೆ ಆ ನಗು ಖರ್ಚಾಗಿರುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅತ್ತೆ ಒಮ್ಮೆ ಅಂದದ್ದು ಇವಳಿಗೆ ಇನ್ನೂ ಚುಚ್ಚುತ್ತಿತ್ತು. ಸುಳ್ಳಾಗಿದ್ದರೆ ಎಂದೋ ಮರೆಯುತ್ತಿದ್ದಳು.

ಮೇಲೆ ಬಂದು ನೋಡಿದರೆ ಅಡುಗೆಮನೆಯ ತುಂಬ ಹಾಲು ಹರಿದಿತ್ತು. ಹಲ್ಲಿನಲ್ಲಿ ಕಚ್ಚಿ ಹರಿದ ಪ್ಯಾಕೆಟ್ಟನ್ನು ಎದೆಗೊತ್ತಿಕೊಂಡು ಶ್ರೀರಾಮ ನಿಂತಿದ್ದ.

"ಕೋಡುಬಳೆಗೆ," ಎಂದ. "ಹಾಲು ಕುಡಿಯೋಕೆ ಹೊರಗೆ ಬಂದ್ರೆ ಅಂಕಲ್ ಕರ್ಕೊಂಡ್ ಹೋಗಲ್ಲ."

ಭಾನುವಾರ ಬೆಳಗ್ಗೆ ಈ ಮಾತು ಕೇಳಿದ್ದರೆ ರಾಗಿಣಿಯ ಕರುಳು ಚುರ್ ಎನ್ನುತ್ತಿತ್ತು. ಇದು ವಾರದ ನಡುವಿನ ಸಂಜೆ. ಕೈಗೆ ಸಿಕ್ಕ ಸೌಟಿನಿಂದ ಕಟ್ಟೆಗೆ ಬಡಿದಳು. "ನನ್ನ ಪ್ರಾಣ ತಿನ್ನೋಕೇ ಹುಟ್ಟಿದೀರಾ ನೀವು? ಯಾರು ಒರೆಸ್ಬೇಕು ಇದನ್ನ? ಹೋಗಿ, ನನ್ನ ಕಣ್ಣೆದುರಿಗೆ ನಿಲ್ಬೇಡಿ."

ಮಕ್ಕಳು ನಿಲ್ಲಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಭೈರೇಶ್ ಬೇಕೆಂದೇ ತಡಮಾಡಿದರು. ರಾಗಿಣಿ ನೆಲ ಒರೆಸಿ ಎದ್ದಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ಉಳಿದ ದಿನಗಳಲ್ಲಾದರೆ ಅವಳು ಒಲೆ ಹಚ್ಚಿ ಸಾರಿಗೆ ಇಡುತ್ತಿದ್ದಳು. ಬೈಸಿಕೊಂಡ ಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ಒಂದು ದಿನವೂ ಹುಡುಕಿದವಳಲ್ಲ, ಗಲಾಟೆ ನಿಂತರೆ ಸಾಕಾಗಿತ್ತು. ಇವತ್ತು ನಾಯಿಯನ್ನು ಹೊರಗೆ ತರಬೇಕಲ್ಲ ಎಂದು ಕೋಣೆಗೆ ಹೋಗಿ, ಮೊಣಕಾಲೂರಿ ಮಂಚದ ಕೆಳಗೆ ಬಗ್ಗಿದಳು.

ಅಲ್ಲಿ ಮೂವರಿದ್ದರು. ಗೋಡೆಗೆ ಒತ್ತಿಕೊಂಡು ಮಲಗಿದ್ದ ಶ್ರೀರಾಮನ ಹೊಟ್ಟೆಯ ಮೇಲೆ ಕೋಡುಬಳೆ ಮೂತಿ ಇಟ್ಟು, ಅವನ ಬೆರಳಿಗಂಟಿದ ಹಾಲು ನೆಕ್ಕುತ್ತಿತ್ತು. ಸಿಂಚನಾ ಅದರ ಕಿವಿ ಸವರುತ್ತಾ ಪಿಸುಗುಟ್ಟುತ್ತಿದ್ದಳು. "ಹೆದರ್ಬೇಡ ಕಣೋ. ಅಮ್ಮಂಗೆ ಸುಸ್ತಾಗಿದೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಸರಿಹೋಗ್ತಾಳೆ."

ಹಿಂದಿನಿಂದ ಭೈರೇಶ್ ಕೂಡ ಬಗ್ಗಿದರು. "ಯಾವಾಗಿಂದ ಪುಟ್ಟಿ ಇದು ನಿಮ್ಮ ಹತ್ರ ಬರ್ತಿರೋದು?"

"ಅಮ್ಮ ಬೈದಾಗೆಲ್ಲ ನಾವೇ ಇದರ ಹತ್ರ ಬರ್ತೀವಿ. ಇದು ಸರಿದು ನಮಗೆ ಜಾಗ ಕೊಡುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?" ರಾಗಿಣಿ ಕೇಳಿದಳು.

"ಹೇಳಿದ್ರೆ ನೀನು ಇಲ್ಲಿಗೂ ಬರ್ತಿದ್ದೆ."

ಭೈರೇಶ್ ಬೆಲ್ಟನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ನಿಂತರು. ರಾಗಿಣಿಗೆ ಅಳು ಬಂತು, ಅಳುವುದಕ್ಕೂ ಸುಸ್ತು. ಮಗನನ್ನು ಎಳೆದು ತಬ್ಬಿಕೊಳ್ಳಬೇಕೆಂದು ಕೈ ಚಾಚಿದಳು. ನಾಯಿ ಗೋಡೆಯ ಕಡೆಗೆ ಹಿಂದೆ ಸರಿಯಿತು. ಅದರ ಜೊತೆಗೇ ಶ್ರೀರಾಮನೂ ಸರಿದ.

"ಹಾಗೆ ಕೈ ಚಾಚ್ಬಾರ್ದು ಅಮ್ಮ," ಸಿಂಚನಾ ಮೆತ್ತಗೆ ಹೇಳಿಕೊಟ್ಟಳು. "ಆ ಕಡೆ ತಿರುಗಿ ಸುಮ್ನೆ ಕೂತ್ಕೋ. ನೋಡ್ಬೇಡ. ನಾವಾಗೇ ಬರ್ತೀವಿ."